ಗೀಸೆನ್‌ನ ಬೆಳಗಿನ ವರದಿ

ಪಿಎಚ್.ಡಿ. ಮಾಡುವವರು ಗೈಡ್ ಮುಂದೆ ನಿಂತು "ಏನಾಯ್ತು?" ಅಂತ ಕೇಳಿಸಿಕೊಳ್ಳೋದು ಈಗ ಮಾಮೂಲು. ಇದರ ಬೇರು ಹುಡುಕುತ್ತಾ ಹೋದರೆ ಜರ್ಮನಿಯ ಪುಟ್ಟ ಊರು ಗೀಸೆನ್ ಸಿಗುತ್ತೆ.

1824ರಲ್ಲಿ ಜಸ್ಟಸ್ ಲೀಬಿಗ್ ಅಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾದಾಗ ಅವನಿಗೆ ಬರೀ 21 ವರ್ಷ. ಆಗೆಲ್ಲ ಹೆಚ್ಚಿನ ಕಡೆ ಮೇಷ್ಟ್ರು ಪ್ರಯೋಗ ಮಾಡಿ ತೋರಿಸೋದು, ಹುಡುಗರು ನೋಡೋದು, ಅಷ್ಟೇ. ಲೀಬಿಗ್ ಹುಡುಗರ ಕೈಗೇ ಉಪಕರಣ ಕೊಟ್ಟ. ಪ್ರಯೋಗಶಾಲೆ? ಸೈನಿಕರು ಬಿಟ್ಟುಹೋದ ಖಾಲಿ ಕಾವಲುಮನೆ!

1831ರಲ್ಲಿ ಐದು ಬುರುಡೆಗಳ ಒಂದು ಗಾಜಿನ ಸಾಧನ ಮಾಡಿದ. ಸಾವಯವ ವಸ್ತು ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡನ್ನು ಅದರೊಳಗಿನ ಪೊಟ್ಯಾಷ್ ದ್ರಾವಣ ಹೀರುತ್ತೆ. ಹೆಚ್ಚಿದ ತೂಕದಿಂದ ಇಂಗಾಲದ ಲೆಕ್ಕ ಸಿಗುತ್ತೆ. ಪಳಗಿದವರಿಗಷ್ಟೇ ಒಲಿಯುತ್ತಿದ್ದ ವಿಶ್ಲೇಷಣೆ ವಿದ್ಯಾರ್ಥಿಗಳ ಕೈಗೂ ಬಂತು.

ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಅವನ ಬೆಳಗಿನ ವರದಿ. ಹಿರಿಯ ವಿದ್ಯಾರ್ಥಿಗಳು ದಿನಾ ಬೆಳಿಗ್ಗೆ ಎರಡು ವಿಷಯ ಹೇಳಬೇಕು: ನಿನ್ನೆ ಏನು ಮಾಡಿದೆ, ಮುಂದೇನು ಮಾಡಬೇಕು ಅಂತಿದ್ದೇನೆ. ಲೀಬಿಗ್ ಒಪ್ಪುತ್ತಿದ್ದ, ಇಲ್ಲವೇ ಆಕ್ಷೇಪ ಎತ್ತುತ್ತಿದ್ದ; ದಾರಿ ಹುಡುಕೋದು ಮಾತ್ರ ಹುಡುಗನ ಕೆಲಸ. ಫಲಿತಾಂಶ ಗಟ್ಟಿಯಾಗಿದ್ದರೆ, 1832ರಲ್ಲಿ ಶುರುವಾಗಿ ಅವನೂ ಸಂಪಾದಕನಾಗಿದ್ದ 'ಅನಾಲೆನ್' ಪತ್ರಿಕೆ ಇತ್ತಲ್ಲ! ವಾಸ್ತುಶಿಲ್ಪ ಓದಲು ಬಂದ ಕೆಕುಲೆ ಇವನ ಪಾಠ ಕೇಳಿ ರಸಾಯನಶಾಸ್ತ್ರಕ್ಕೆ ಹಾರಿದ. 1865ರಲ್ಲಿ ಬೆಂಜೀನ್‌ನ ಉಂಗುರ ರಚನೆ ಸೂಚಿಸಿದ್ದು ಅವನೇ.

ನಮ್ಮ ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡ್ ನೆನಪಿದೆಯಲ್ಲ? ಉದ್ದೇಶ, ವಿಧಾನ, ಫಲಿತಾಂಶ... ಸೀನಿಯರ್ ಪುಸ್ತಕ ನೋಡಿ ಬರೆದರೂ ಸಹಿ ಬೀಳುತ್ತಿತ್ತು. "ಮುಂದೇನು ಮಾಡ್ತೀಯ, ಯಾಕೆ?" ಅನ್ನೋದಕ್ಕೆ ಮಾತ್ರ ಕಾಪಿ ಹೊಡೆಯೋಕಾಗಲ್ಲ. ನಿಮ್ಮನ್ನು ಯಾವ ಮೇಷ್ಟ್ರಾದರೂ ಹಾಗೆ ಕೇಳಿದ್ದರಾ?