ಕೆ.ಸಿ. ವ್ಯಾಲಿ ನೀರು

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಸಂಸ್ಕರಿಸಿ ಕೋಲಾರ ಸೀಮೆಯ ಕೆರೆಗಳಿಗೆ ತುಂಬಿಸುವ, ಸಣ್ಣ ನೀರಾವರಿ ಇಲಾಖೆಯ ಏತ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್ ನೀರು, 126 ಕೆರೆ ಎಂಬುದು ಮೂಲ ಲೆಕ್ಕ. ಆಮೇಲೆ ಇನ್ನಷ್ಟು ಕೆರೆಗಳು ಸೇರಿದ್ದರಿಂದ ಬರಹದಿಂದ ಬರಹಕ್ಕೆ ಸಂಖ್ಯೆ ಬದಲಾಗುತ್ತದೆ.

ಇದಕ್ಕಿಂತ ದೊಡ್ಡ ಗೊಂದಲ ‘ಸಂಸ್ಕರಿಸಿದ ನೀರು’ ಎಂಬ ಮಾತಿನದು. ಮೊದಲ ಹಂತದಲ್ಲಿ ಗಸಿ ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಗಾಳಿಯೂದಿ ಬೆಳೆಸಿದ ಬ್ಯಾಕ್ಟೀರಿಯಾ ಸಾವಯವ ಕೊಳೆಯನ್ನು ತಿನ್ನುತ್ತವೆ. ಉಳಿದ ರಂಜಕ, ಸಾರಜನಕಗಳನ್ನು ತೆಗೆದು ಸೋಸುವುದು ಮೂರನೇ ಹಂತ. ಕೋಲಾರಕ್ಕೆ ಹೊರಟದ್ದು ಎರಡನೇ ಹಂತ ದಾಟಿದ ನೀರು. ಕರಗಿದ ಉಪ್ಪು ಆ ಹಂತದಲ್ಲಿ ಕಳೆಯುವುದಿಲ್ಲ. ತಿಪಟೂರು, ತುರುವೇಕೆರೆ ಕಡೆಯ ತೆಂಗಾದರೆ ಉಪ್ಪನ್ನು ತಡೆದುಕೊಂಡೀತು, ಕ್ಲೋರೈಡ್ ಅದಕ್ಕೆ ಪೋಷಕಾಂಶವೇ; ಕೋಲಾರದ ಬೀನ್ಸ್‌ಗೆ ಆ ತಾಳಿಕೆಯಿಲ್ಲ.

ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು, ಹಲವು ಕಡೆ ಫ್ಲೋರೈಡ್ ಮಿತಿ ಮೀರಿತ್ತು. ಈ ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದೇ. 2018ರ ಜೂನ್‌ನಲ್ಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಸುಮಾರು 100 ಕಿ.ಮೀ. ದೂರದಿಂದ ಬೆಂಗಳೂರಿಗೆ ಏರಿ ಬಂದ ಕಾವೇರಿಯೇ ಬಚ್ಚಲು ದಾಟಿ ಅಲ್ಲಿಗೆ ಸೇರಿತೆನ್ನಬಹುದು.

ಯೋಜನೆಯ ತಿರುವು ಉದ್ಘಾಟನೆಯಲ್ಲ, ಮರು ತಿಂಗಳ ನೊರೆ. ಕೊಳವೆಯಿಂದ ನೀರು ಧುಮುಕುವಲ್ಲಿ ಬಿಳಿ ನೊರೆ ರಾಶಿಯಾಗಿ ಎದ್ದಿತು. ಬಟ್ಟೆ ಸೋಪಿನ ಪುಡಿಯ ನೊರೆಕಾರಕ ಪೂರ್ತಿ ಒಡೆಯದೆ ಉಳಿದ ನೀರಿಗೆ ಗಾಳಿ ಸಿಕ್ಕಿದರೆ ಹೀಗಾಗುತ್ತದೆ. ಬೆಳ್ಳಂದೂರು ಕೆರೆಯಲ್ಲಿ ಊರೆಲ್ಲ ಕಂಡದ್ದೂ ಇದನ್ನೇ. ಜುಲೈನಲ್ಲಿ ಹೈಕೋರ್ಟ್ ಪಂಪಿಂಗ್ ನಿಲ್ಲಿಸಿತು, ಬಳಿಕ ಅವಕಾಶ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಅದು ತೆರವಾದ ಮೇಲೆ ನೀರು ಮತ್ತೆ ಹರಿಯಿತು.

ವಿಜ್ಞಾನಿಗಳಲ್ಲೂ ಒಮ್ಮತವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ತಂಡ ಭಾರಲೋಹಗಳ ಬಗ್ಗೆ ಎಚ್ಚರಿಸಿತು. ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ಅಂತರ್ಜಲ ಏರಿದ್ದನ್ನು ದಾಖಲಿಸಿತು. ಎರಡನ್ನೂ ಎದುರಾಳಿಗಳಂತೆ ಉದ್ಧರಿಸುವುದು ರೂಢಿಯಾಗಿದೆ. ಆದರೆ ಒಂದರ ಪ್ರಶ್ನೆ ನೀರಿನ ಗುಣ, ಇನ್ನೊಂದರದು ಮುಖ್ಯವಾಗಿ ಪ್ರಮಾಣ. ಬತ್ತಿದ ಬಾವಿಯಲ್ಲಿ ನೀರು ಕಂಡಿತೆಂದರೆ ಅದು ಕುಡಿಯಲು ಯೋಗ್ಯವೆಂದು ಅರ್ಥವಲ್ಲ.

ಮೂರನೇ ಹಂತದ ಸಂಸ್ಕರಣೆ ಆಗಲೇಬೇಕೆಂಬುದು ಕೋಲಾರದ ಹೋರಾಟಗಾರರ ಬೇಡಿಕೆ.