ಜೂಜಿಗೆ ಎಡೆಗೊಟ್ಟವನ ಹೊಣೆ: ಆನ್‌ಲೈನ್ ಜೂಜಿನ ತಾಣಗಳೂ ಹೋಸ್ಟಿಂಗ್ ವೃತ್ತಿಯೂ

ಜೂಜಾಡಿದವನನ್ನು ಮಾತ್ರವಲ್ಲದೆ ಜೂಜಿಗೆ ಎಡೆಗೊಟ್ಟವನನ್ನೂ ವಿಚಾರಿಸುವುದು ಧರ್ಮಶಾಸ್ತ್ರಗಳ ಕಾಲದಿಂದ ನಡೆದುಬಂದ ಪದ್ಧತಿ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾವ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನೋ ಆ ಸ್ಮೃತಿಯಲ್ಲಿ ಸಭಿಕನೆಂಬವನೊಬ್ಬನು ಬರುತ್ತಾನೆ. ಅವನು ದ್ಯೂತಸಭೆಯನ್ನು ನಡೆಯಿಸಿ, ನೂರಕ್ಕೆ ಐದರಂತೆಯೋ ಹತ್ತರಂತೆಯೋ ತನ್ನ ಪಾಲನ್ನು ಪಡೆದು, ರಾಜಭಾಗವನ್ನು ಸಲ್ಲಿಸಿ ರಾಜರಕ್ಷಣೆಯನ್ನು ಹೊಂದತಕ್ಕವನು. ಕೌಟಿಲ್ಯನ ದ್ಯೂತಾಧ್ಯಕ್ಷನಾದರೋ ಗೆದ್ದ ಹಣದಲ್ಲಿ ನೂರಕ್ಕೆ ಐದನ್ನಲ್ಲದೆ ಕವಡೆ, ದಾಳ, ನೀರು, ನೆಲ ಇವುಗಳ ಬಾಬತ್ತನ್ನೂ ವಸೂಲು ಮಾಡುವನು. ಇಂದು ಸರ್ವರಿನ ಜಾಗವನ್ನು ತಿಂಗಳ ಲೆಕ್ಕದಲ್ಲಿ ಕೊಡುವ ಹೋಸ್ಟಿಂಗ್ ಉದ್ಯಮಿಯು ಪಡೆಯುವುದೂ ನೆಲಬಾಡಿಗೆಯನ್ನೇ. ಆದರೆ ಸಭಿಕನಿಗಿದ್ದ ರಾಜರಕ್ಷಣೆ ಅವನಿಗಿಲ್ಲ.

1867ರ ಸಾರ್ವಜನಿಕ ಜೂಜು ಅಧಿನಿಯಮವು ತನ್ನ ಮನೆಯು ಜೂಜಿನ ಅಡ್ಡೆಯಾಗುವುದನ್ನು ತಿಳಿದೂ ಸಮ್ಮತಿಸಿದ ಒಡೆಯನನ್ನು ದಂಡಾರ್ಹನೆಂದಿತು. 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 79ನೆಯ ಪ್ರಕರಣವೂ ಇದೇ ಜಾಡಿನದು. ಇಲ್ಲಿ ಎಲ್ಲವೂ ‘ತಿಳಿದೂ’ ಎಂಬ ಒಂದು ಪದದ ಮೇಲೆ ನಿಂತಿದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಹೋಸ್ಟಿಂಗ್ ಸೇವೆಯವರನ್ನು ‘ಮಧ್ಯವರ್ತಿ’ಗಳ ಪಂಕ್ತಿಯಲ್ಲಿ ಸೇರಿಸಿ, ಪರರು ತುಂಬಿದ ಮಾಹಿತಿಗೆ ಅವರು ಹೊಣೆಯಲ್ಲವೆಂದು ತನ್ನ 79ನೆಯ ಪ್ರಕರಣದಲ್ಲಿ ಅಭಯವನ್ನಿತ್ತಿತು. ಮಧ್ಯವರ್ತಿಯ ‘ತಿಳಿವಳಿಕೆ’ ಎಂದರೆ ನ್ಯಾಯಾಲಯದ ಆದೇಶದಿಂದಲೋ ಸರಕಾರದ ಅಧಿಸೂಚನೆಯಿಂದಲೋ ಬಂದ ತಿಳಿವಳಿಕೆಯೆಂದು ಸರ್ವೋಚ್ಚ ನ್ಯಾಯಾಲಯವು 2015ರ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಅರ್ಥೈಸಿತು. ಆದರೆ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಇದೇ 79ನೆಯ ಪ್ರಕರಣವು ದುಷ್ಕೃತ್ಯಕ್ಕೆ ನೆರವನ್ನೋ ಪ್ರಚೋದನೆಯನ್ನೋ ಇತ್ತವನಿಂದ ಆ ಅಭಯವನ್ನು ಹಿಂತೆಗೆದುಕೊಳ್ಳುತ್ತದೆಂಬುದನ್ನು ಉದ್ಯಮಿಗಳು ಮರೆಯುವುದುಂಟು.

‘ನಮ್ಮದು ಕೌಶಲದ ಆಟ, ಜೂಜಲ್ಲ’ ಎಂಬ ಗ್ರಾಹಕನ ಮಾತನ್ನು ನಂಬಿ ಜಾಗವನ್ನು ಕೊಡುವುದಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು ಸತ್ಯನಾರಾಯಣ ಪ್ರಕರಣದಲ್ಲಿ ಹೇಳಿತ್ತು. ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2021ರ ಕರ್ನಾಟಕ ತಿದ್ದುಪಡಿಯ ಮುಖ್ಯ ವಿಧಿಗಳನ್ನು ನಮ್ಮ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಅಸಿಂಧುಗೊಳಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದ ಆನ್‌ಲೈನ್ ಗೇಮಿಂಗ್ ಅಧಿನಿಯಮವಾದರೋ ಹಣವಿಟ್ಟಾಡುವ ಆಟದಲ್ಲಿ ಕೌಶಲ, ಅದೃಷ್ಟಗಳೆಂಬ ಭೇದವನ್ನೇ ಪರಿಗಣಿಸದೆ, ಅಂತಹ ಆಟವನ್ನೊದಗಿಸುವವನಿಗೆ ಮೂರು ವರ್ಷಗಳವರೆಗಿನ ಕಾರಾವಾಸವನ್ನೂ 1 ಕೋಟಿ ರೂಪಾಯಿಗಳವರೆಗಿನ ದಂಡವನ್ನೂ ಗೊತ್ತುಮಾಡಿ, ಆ ಕಾರ್ಯಕ್ಕೆ ನೆರವಾಗುವುದನ್ನೂ ನಿಷೇಧದೊಳಗೆ ತಂದಿತು. ತಾಣವು ಹೊರದೇಶದಿಂದ ನಡೆಯುತ್ತಿದ್ದರೂ ಈ ಅಧಿನಿಯಮದಿಂದ ಬಿಡುಗಡೆಯಿಲ್ಲ.

ಹಾಗಾದರೆ ಬಾಡಿಗೆ ಎಲ್ಲಿ ಮುಗಿದು ನೆರವು ಎಲ್ಲಿ ತೊಡಗುತ್ತದೆ? ಒಂದು ತಾಣವನ್ನು ಸರಕಾರವು ತಡೆಹಿಡಿದಿದೆಯೆಂದು ಊಹಿಸೋಣ. ಮರುದಿನವೇ ಗ್ರಾಹಕನು ಹಳೆಯ ಹೆಸರಿನ ಕೊನೆಗೆ ಒಂದು ಅಂಕಿಯನ್ನು ಸೇರಿಸಿ ಹೊಸ ಡೊಮೈನನ್ನು ಕೊಂಡು, ಅದನ್ನು ಅದೇ ಸರ್ವರಿಗೆ ಹೊಂದಿಸಿಕೊಡಬೇಕೆಂದು ಬರೆಯುತ್ತಾನೆ. ಹೋಸ್ಟಿಂಗ್ ಸಿಬ್ಬಂದಿಗೆ ಅದು ಐದು ನಿಮಿಷಗಳ ಕೆಲಸ. ಆದರೆ ಆ ಕೋರಿಕೆಯೂ, ‘ಆಯಿತು’ ಎಂಬ ಉತ್ತರವೂ, ಬದಲಾಗದೆ ಉಳಿದ ಐಪಿ ವಿಳಾಸವೂ ದಾಖಲೆಯಲ್ಲಿ ಒಂದರ ಪಕ್ಕದಲ್ಲೊಂದು ನಿಲ್ಲುವುವು. ಅಲ್ಲಿಂದ ಮುಂದೆ ಅರಿಯದವನೆಂಬ ವಾದವು ನಿಲ್ಲಲಾರದೆಂದೇ ನನ್ನ ದೃಢವಾದ ಅಭಿಪ್ರಾಯ. ಹಣಪಾವತಿಯ ದ್ವಾರವನ್ನು ತಾಣಕ್ಕೆ ಜೋಡಿಸಿಕೊಟ್ಟವನ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ಇಂತಹ ಆಟದ ಹಣವ್ಯವಹಾರಕ್ಕೆ ಅನುಕೂಲ ಮಾಡುವುದನ್ನು 2025ರ ಅಧಿನಿಯಮವು ಪ್ರತ್ಯೇಕ ಅಪರಾಧವೆಂದೇ ಎಣಿಸುತ್ತದೆ.

ಇದಲ್ಲದೆ, ದೇಶದ ಸೈಬರ್ ಸುರಕ್ಷತೆಯ ಹೊಣೆ ಹೊತ್ತ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವು ಡೇಟಾ ಸೆಂಟರ್ ಮತ್ತು ಕ್ಲೌಡ್ ಸೇವೆಯವರು ಗ್ರಾಹಕನ ಹೆಸರು, ವಿಳಾಸ, ಐಪಿ ವಿವರಗಳೊಡನೆ ಅವನು ಸೇವೆಯನ್ನು ಪಡೆದ ಉದ್ದೇಶವನ್ನೂ ಐದು ವರ್ಷಗಳ ಕಾಲ ಕಾದಿರಿಸಬೇಕೆಂದು ವಿಧಿಸಿದೆ. ಅರ್ಜಿಯ ನಮೂನೆಯಲ್ಲಿ ಉದ್ದೇಶದ ಅಂಕಣದಲ್ಲಿ ‘ಮನರಂಜನೆ’ ಎಂದೊಂದು ಮಾತನ್ನು ಬರೆದರೆ ಅದನ್ನು ಓದದೆ ಮೊಹರು ಹಾಕುವ ರೂಢಿಯು ಸಣ್ಣ ಮರುಮಾರಾಟಗಾರನಿಗೆ ಅತ್ಯಂತ ಅಪಾಯಕಾರಿ: ಸರ್ವರು ಪರರದು, ಗ್ರಾಹಕನು ಕಣ್ಣಿಗೆ ಕಾಣದವನು, ಸಹಿ ಮಾತ್ರ ತನ್ನದು. ಕಂಪನಿಯು ಅಪರಾಧವೆಸಗಿದಾಗ ಅದರ ಉಸ್ತುವಾರಿಯಲ್ಲಿದ್ದವನು ತನಗೆ ತಿಳಿಯದೆ ಅದು ನಡೆಯಿತೆಂದೋ, ತಾನು ಸಕಲ ಎಚ್ಚರವನ್ನೂ ವಹಿಸಿದ್ದೆನೆಂದೋ ಸಾಧಿಸಿ ತೋರಿಸಬೇಕು. ಆಗ ಅವನ ಕೈಯಲ್ಲಿರತಕ್ಕುದು ತಡೆಯಾದೇಶವು ತಲಪಿದ ವೇಳೆಯನ್ನೂ ತಾನು ತಾಣವನ್ನು ನಿಲ್ಲಿಸಿದ ವೇಳೆಯನ್ನೂ ಗುರುತಿಸಿಟ್ಟ ಆ ದಿನದ ದಾಖಲೆ.