ರಾಜ ಹೇಳಿದ, ರಾಜ್ಯ ಆಯ್ತು!

ಜಪಾನಿನ ಮಾಂಗಾ ಈಗ ನಮ್ಮ ಹುಡುಗರಿಗೆ ಹೊಸದೇನಲ್ಲ. ಆ ಚಿತ್ರಕಥೆಗಳಲ್ಲಿ ರಾಜ್ಯ ಕಟ್ಟುವ ಕಥೆಗಳದ್ದೇ ಒಂದು ಜಾತಿ ಇದೆ. ಅವುಗಳ ಅಚ್ಚು ಬಹುತೇಕ ಒಂದೇ. ಇವತ್ತಿನ ಜಪಾನಿನ ಸಾಮಾನ್ಯ ಮನುಷ್ಯನೊಬ್ಬ, ಆಫೀಸಿಗೆ ಹೋಗೋನೋ ಕಾಲೇಜು ಹುಡುಗನೋ, ಸತ್ತೋ ಮಂತ್ರದ ಬಲದಿಂದಲೋ ಬೇರೊಂದು ಲೋಕಕ್ಕೆ ಹೋಗಿ ಬೀಳ್ತಾನೆ. ಈ ಬಗೆಗೆ ಅಲ್ಲಿ ‘ಇಸೆಕಾಯ್’ ಅಂತ ಹೆಸರು. ಆ ಲೋಕದಲ್ಲಿ ಕತ್ತಿ, ಕುದುರೆ, ಮಾಟ, ಮಂತ್ರ ಎಲ್ಲಾ ಇರುತ್ತೆ. ರಸ್ತೆ, ಚರಂಡಿ, ಶಾಲೆ, ನೆಟ್ಟಗಿನ ಲೆಕ್ಕಪತ್ರ ಇರಲ್ಲ. ನಮ್ಮ ನಾಯಕ ಅದನ್ನೆಲ್ಲ ತಂದುಕೊಡ್ತಾನೆ. ಕೆಲವೇ ಸಂಪುಟಗಳಲ್ಲಿ ಹಳ್ಳಿ ಹೋಗಿ ರಾಜಧಾನಿ ಆಗಿರುತ್ತೆ.

ಓದೋಕೆ ಮಜವಾಗಿರುತ್ತೆ, ಸುಳ್ಳು ಯಾಕೆ ಹೇಳೋದು. ಖಾಲಿ ಜಾಗದಲ್ಲಿ ಊರು ಏಳೋದನ್ನ ನೋಡೋ ಖುಷಿಯೇ ಬೇರೆ. ಆದರೆ ಒಂದು ಹಂತ ದಾಟಿದ ಮೇಲೆ ಬೇಜಾರು ಶುರುವಾಗುತ್ತೆ. ನಾಯಕನಿಗೆ ಶಕ್ತಿ ವಿಪರೀತ, ಅದಕ್ಕೇ ಬೇಜಾರು ಅಂತ ಸಾಮಾನ್ಯವಾಗಿ ಹೇಳ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಭೀಮನಿಗೂ ಶಕ್ತಿ ವಿಪರೀತವೇ ಇತ್ತು, ಮಹಾಭಾರತ ಬೇಜಾರಾಗಲ್ಲ. ದೋಷ ಇರೋದು ಬೇರೆ ಕಡೆ. ಈ ರಾಜ್ಯಗಳಲ್ಲಿ ಸುಧಾರಣೆಯ ಬೆಲೆ ತೆರುವವರು ಯಾರೂ ಇಲ್ಲ.

‘ಹೌ ಎ ರಿಯಲಿಸ್ಟ್ ಹೀರೋ ರಿಬಿಲ್ಟ್ ದಿ ಕಿಂಗ್‌ಡಮ್’ ಅನ್ನೋ ಸರಣಿಯನ್ನೇ ತಗೊಳ್ಳಿ. ಸೋಮಾ ಅನ್ನೋ ಹುಡುಗನನ್ನ ಒಂದು ರಾಜ್ಯ ಮಂತ್ರ ಹಾಕಿ ಕರೆಸಿಕೊಳ್ಳುತ್ತೆ. ಅವನ ಯೋಜನೆ ಕೇಳಿದ ರಾಜ ಸಿಂಹಾಸನವನ್ನೇ ಬಿಟ್ಟುಕೊಡ್ತಾನೆ, ಮಗಳನ್ನೂ ನಿಶ್ಚಯ ಮಾಡ್ತಾನೆ. ಹತ್ತಿ ಬೆಳೆಯೋಕೆ ಹೋಗಿ ಅನ್ನಕ್ಕೆ ತತ್ವಾರ ಆದ ನಾಡು ಅದು. ಸೋಮಾ ರೈತರನ್ನ ಮತ್ತೆ ಆಹಾರದ ಬೆಳೆಗೆ ತಿರುಗಿಸ್ತಾನೆ. ಸಮಸ್ಯೆಯ ಆಯ್ಕೆ ನಿಜಕ್ಕೂ ಚೆನ್ನಾಗಿದೆ. ಆದರೆ ಹತ್ತಿಯನ್ನೇ ನಂಬಿ ಸಾಲ ಮಾಡಿದವನ ಕತೆ ಏನಾಯ್ತು? ಇನ್ನು, ರಾಜನಿಗೆ ಎದುರಾಗಿ ನಿಲ್ಲುವ ದೊಡ್ಡ ಸೇನಾಪತಿ ಒಬ್ಬನಿದ್ದಾನೆ. ಕೊನೆಗೆ ಗೊತ್ತಾಗೋದೇನಪ್ಪಾ ಅಂದ್ರೆ, ಭ್ರಷ್ಟ ಸರದಾರರನ್ನೆಲ್ಲ ಒಂದೇ ಬಲೆಗೆ ಕೆಡವೋಕೆ ಅವನು ಬಂಡಾಯದ ನಾಟಕ ಆಡಿದ್ದನಂತೆ! ಅಂದ್ರೆ ಆ ದೊಡ್ಡ ವಿರೋಧಿ ಕೂಡ ಒಳಗೊಳಗೆ ನಾಯಕನ ಕಡೆಯವನೇ.

‘ದಟ್ ಟೈಮ್ ಐ ಗಾಟ್ ರೀಇನ್‌ಕಾರ್ನೇಟೆಡ್ ಆ್ಯಸ್ ಎ ಸ್ಲೈಮ್’ ಇನ್ನೂ ಪ್ರಸಿದ್ಧ. ಇದರ ನಾಯಕ ರಿಮುರು ಹೆಸರಿಟ್ಟರೆ ಸಾಕು, ಕಾಡಿನ ಗಾಬ್ಲಿನ್‌ಗಳು ಬಲಿಷ್ಠ ಪ್ರಜೆಗಳಾಗಿಬಿಡ್ತಾರೆ. ಒಮ್ಮೆ ಪಕ್ಕದ ರಾಜ್ಯ ದಾಳಿ ಮಾಡಿ ಅವನ ಊರಿನವರನ್ನ ಕೊಲ್ಲುತ್ತೆ. ಇಡೀ ಸರಣಿಯಲ್ಲೇ ಗಂಭೀರವಾದ ಗಳಿಗೆ ಅದು. ಕಟ್ಟಿದವನ ಉದಾರ ನೀತಿಗೆ ಜನ ಜೀವ ತೆತ್ತಿದ್ದಾರೆ. ಅವನು ಶತ್ರು ಸೈನ್ಯವನ್ನೇ ಬಲಿಕೊಟ್ಟು ತನ್ನವರನ್ನೆಲ್ಲ ಬದುಕಿಸಿಕೊಳ್ತಾನೆ. ತೆತ್ತ ಬೆಲೆ ವಾಪಸ್ ಬಂತು, ಕತೆಗೆ ಇದ್ದ ಭಾರ ಹೋಯ್ತು.

ಈಗ ಇದರ ಪಕ್ಕದಲ್ಲಿ ಜಪಾನಿನ ಚರಿತ್ರೆಯನ್ನೇ ಇಟ್ಟು ನೋಡಿ. 1868ರಲ್ಲಿ ಮೇಜಿ ಸರ್ಕಾರ ಬಂತು. ಹೊರಗಿನ ಜ್ಞಾನ ತಂದು ಹಳೆಯ ನಾಡನ್ನ ಹೊಸದು ಮಾಡ್ತೀವಿ ಅಂತ ಹೊರಟ ಸರ್ಕಾರ ಅದು. ಇಸೆಕಾಯ್ ನಾಯಕ ಮಾಡೋ ಕೆಲಸವೂ ಹೆಚ್ಚು ಕಡಿಮೆ ಅದೇ ಅಲ್ವಾ?

1872ರಲ್ಲಿ ತೊಮಿಯೋಕಾ ಎಂಬಲ್ಲಿ ಸರ್ಕಾರ ದೊಡ್ಡ ರೇಷ್ಮೆ ನೂಲು ಕಾರ್ಖಾನೆ ಕಟ್ಟಿತು. ಫ್ರೆಂಚ್ ತಜ್ಞರನ್ನ ಕರೆಸಿತು. ಕಟ್ಟಡ ಎದ್ದಿತು, ಯಂತ್ರ ಬಂತು, ಕೆಲಸಕ್ಕೆ ಹೆಣ್ಣುಮಕ್ಕಳೇ ಬರಲಿಲ್ಲ. ಪರದೇಶದವರು ಕುಡಿಯೋ ಕೆಂಪು ವೈನ್ ನೋಡಿ, ಇವರು ಹುಡುಗಿಯರ ರಕ್ತ ಕುಡೀತಾರೆ ಅಂತ ಪುಕಾರು ಹಬ್ಬಿತ್ತು. ಕೊನೆಗೆ ಕಾರ್ಖಾನೆಯ ಮೊದಲ ನಿರ್ದೇಶಕ ಒದಾಕಾ ಅತ್ಸುತದಾ ತನ್ನ ಮಗಳನ್ನೇ ಕೆಲಸಕ್ಕೆ ಸೇರಿಸಿ ತೋರಿಸಬೇಕಾಯ್ತು. ಒಬ್ಬ ಅಪ್ಪ, ಒಬ್ಬ ಮಗಳು, ಒಂದು ಪುಕಾರು. ಮಾಂಗಾದಲ್ಲಾದರೆ ಕಾರ್ಖಾನೆಯ ಬಾಗಿಲು ತೆಗೆದ ಮರುಪುಟದಲ್ಲೇ ನಗುನಗ್ತಾ ಕೆಲಸ ನಡೀತಿರುತ್ತೆ.

ಸೈನ್ಯದ ವಿಷಯ ಇನ್ನೂ ಕಠಿಣ. 1873ರಲ್ಲಿ ಕಡ್ಡಾಯ ಸೈನಿಕ ಸೇವೆಯ ಕಾನೂನು ಬಂತು. ಅದಕ್ಕೂ ಮೊದಲು ಹೊರಟ ಪ್ರಕಟಣೆಯಲ್ಲಿ ಪಶ್ಚಿಮದವರ ಮಾತೊಂದನ್ನ ಎತ್ತಿಕೊಂಡು ಈ ಸೇವೆಯನ್ನ ‘ರಕ್ತದ ತೆರಿಗೆ’ ಅಂತ ಕರೆದಿದ್ದರು. ಹಳ್ಳಿಯವರು ಸರ್ಕಾರ ನಿಜವಾಗಿ ರಕ್ತ ಹೀರುತ್ತೆ ಅಂತ ತಿಳಿದು ದಂಗೆ ಎದ್ದರು. ಬರೀ ತಪ್ಪು ತಿಳಿವಳಿಕೆ ಅನ್ನೋ ಹಾಗೂ ಇಲ್ಲ. ದುಡಿಯೋ ಮಗನನ್ನ ಮೂರು ವರ್ಷ ಕಳಿಸೋದು ಮನೆಗೆ ದೊಡ್ಡ ಪೆಟ್ಟು. 270 ಯೆನ್ ಕಟ್ಟಿದವರಿಗೆ ವಿನಾಯಿತಿ ಸಿಗ್ತಿತ್ತು. ಬಡ ರೈತ ಅಷ್ಟು ದುಡ್ಡು ಎಲ್ಲಿಂದ ತರಬೇಕು? ಈಗಿನ ಒಕಾಯಾಮಾ ಪ್ರಾಂತ್ಯದ ಮಿಮಾಸಾಕಾದಲ್ಲಿ ಎದ್ದ ದಂಗೆ ಅಷ್ಟಕ್ಕೇ ನಿಲ್ಲಲಿಲ್ಲ. 1871ರಲ್ಲಷ್ಟೇ ಕಾನೂನಿನ ಪ್ರಕಾರ ಸಮಾನತೆ ಪಡೆದಿದ್ದ ಅಸ್ಪೃಶ್ಯ ಸಮುದಾಯದವರ ಮನೆಗಳ ಮೇಲೆ ಅದೇ ರೈತರು ನುಗ್ಗಿದರು, ಹಲವರನ್ನ ಕೊಂದರು. ಸರ್ಕಾರದ ಕೈಲಿ ನೋವು ತಿಂದವನೇ ತನಗಿಂತ ಕೆಳಗಿನವನಿಗೆ ಕ್ರೂರಿಯಾದ. ‘ಪ್ರಜೆಗಳು’ ಅಂದ್ರೆ ಒಂದೇ ಮುಖದ, ಒಂದೇ ಮನಸ್ಸಿನ ಗುಂಪು ಅಂದುಕೊಂಡ ಕಥೆಗಾರನಿಗೆ ಇಂಥ ದೃಶ್ಯ ಹೊಳೆಯೋದೇ ಇಲ್ಲ.

ತೆರಿಗೆಗೆ ಬನ್ನಿ. ಅದೇ 1873ರಲ್ಲಿ, ಧಾನ್ಯದಲ್ಲಿ ಕೊಡ್ತಿದ್ದ ಕಂದಾಯ ಹೋಗಿ ಭೂಮಿಯ ಬೆಲೆಯ ಶೇ. 3ರಷ್ಟನ್ನ ನಗದಾಗಿ ಕಟ್ಟಬೇಕು ಅಂತಾಯ್ತು. ಬೆಳೆ ಬಂದರೂ ಅಷ್ಟೇ, ಹೋದರೂ ಅಷ್ಟೇ. ಕಾಗದದ ಮೇಲೆ ಅಚ್ಚುಕಟ್ಟಾದ ಸುಧಾರಣೆ. ಸೋಮಾ ಕೂಡ ಮೆಚ್ಚಿಕೊಳ್ತಿದ್ದ. 1876ರಲ್ಲಿ ಮಿಯೆ, ಇಬರಾಕಿ ಕಡೆ ರೈತರು ಎದ್ದುನಿಂತರು. 1877ರ ಜನವರಿಯಲ್ಲಿ ಸರ್ಕಾರ ದರವನ್ನ ಶೇ. 2.5ಕ್ಕೆ ಇಳಿಸಬೇಕಾಯ್ತು.

ಸರ್ಕಾರಕ್ಕೆ ಆಗ ಇನ್ನೊಂದು ಭಯವೂ ಇತ್ತು. ಸಮುರಾಯ್‌ಗಳಿಗೆ ತಲತಲಾಂತರದಿಂದ ಬರ್ತಿದ್ದ ಸಂಬಳವನ್ನ 1876ರಲ್ಲಿ ನಿಲ್ಲಿಸಿ ಬಾಂಡ್ ಕೈಗೆ ಕೊಟ್ಟಿದ್ದರು, ಕತ್ತಿ ಕಟ್ಟಿಕೊಂಡು ಓಡಾಡೋ ಹಕ್ಕನ್ನೂ ಕಿತ್ತುಕೊಂಡಿದ್ದರು. 1877ರ ಫೆಬ್ರವರಿಯಲ್ಲಿ ಸತ್ಸುಮಾ ಸಿಡಿಯಿತು. ಮುಂದಾಳು ಸೈಗೋ ತಕಾಮೋರಿ, ಆ ಸರ್ಕಾರವನ್ನೇ ತಂದವರಲ್ಲಿ ಒಬ್ಬ. ಎದುರಿಗೆ ಸರ್ಕಾರ ನಡೆಸ್ತಿದ್ದವನು ಓಕುಬೋ ತೋಶಿಮಿಚಿ. ಇಬ್ಬರೂ ಕಾಗೊಶಿಮಾದ ಒಂದೇ ಕೇರಿಯಲ್ಲಿ ಬೆಳೆದ ಗೆಳೆಯರು. ರೈತರ ಮಕ್ಕಳಿದ್ದ ಹೊಸ ಸೈನ್ಯ ಸಮುರಾಯ್‌ಗಳನ್ನ ಸೋಲಿಸಿತು. ಸೆಪ್ಟೆಂಬರಿನಲ್ಲಿ ಸೈಗೋ ಸತ್ತ. ಮರುವರ್ಷದ ಮೇ ತಿಂಗಳಲ್ಲಿ ಹಳೆಯ ಸಮುರಾಯ್‌ಗಳು ಓಕುಬೋನನ್ನ ದಾರಿಯಲ್ಲಿ ಕಡಿದುಹಾಕಿದರು. 1889ರಲ್ಲಿ ಸೈಗೋಗೆ ಕ್ಷಮೆ ಸಿಕ್ಕಿತು, 1898ರಲ್ಲಿ ತೋಕಿಯೋದ ಉಯೆನೊ ಪಾರ್ಕಿನಲ್ಲಿ ಅವನ ಪ್ರತಿಮೆ ನಿಂತಿತು. ಇಲ್ಲಿ ಯಾರೂ ಬಂಡಾಯದ ನಾಟಕ ಆಡ್ತಿರಲಿಲ್ಲ ನೋಡಿ. ಇಬ್ಬರಿಗೂ ತಾವು ದೇಶಕ್ಕಾಗಿಯೇ ಮಾಡ್ತಿದ್ದೀವಿ ಅಂತ ಗಟ್ಟಿಯಾಗಿ ಗೊತ್ತಿತ್ತು.

ಕತೆ ಅಲ್ಲಿಗೂ ಮುಗಿಯಲಿಲ್ಲ. ಯುದ್ಧದ ಖರ್ಚಿಗೆ ಸರ್ಕಾರ ನೋಟು ಅಚ್ಚು ಹಾಕಿತು, ಬೆಲೆಗಳು ಏರಿದವು. ಅದನ್ನ ಇಳಿಸೋಕೆ 1881ರಿಂದ ಹಣಕಾಸು ಮಂತ್ರಿ ಮತ್ಸುಕಾತಾ ಮಸಾಯೋಶಿ ಬಿಗಿ ಹಿಡಿದ. ಅಕ್ಕಿಯ ಬೆಲೆ, ರೇಷ್ಮೆಯ ಬೆಲೆ ಕುಸಿದವು. ನಗದು ಕಂದಾಯ ಮಾತ್ರ ಹಾಗೇ ಇತ್ತು. ಸಾಲದಲ್ಲಿ ಮುಳುಗಿದ ಚಿಚಿಬು ಬೆಟ್ಟಗಳ ರೇಷ್ಮೆ ರೈತರು 1884ರ ನವೆಂಬರಿನಲ್ಲಿ ಲೇವಾದೇವಿಯವರ ಮೇಲೆ ಬಿದ್ದು ಸಾಲಪತ್ರ ಸುಟ್ಟರು. ಸೈನ್ಯ ಬಂತು. ಮುಂದಾಳುಗಳಿಗೆ ಗಲ್ಲಾಯ್ತು. ಒಂದು ಸುಧಾರಣೆಯ ಬಾಲ ಹಿಡಿದು ಇನ್ನೊಂದು ಸಂಕಟ ಬರುತ್ತೆ. ಕಥನ ಅಂದ್ರೆ ಇದೇ ಅಲ್ವಾ? ಮಾಂಗಾದ ರಾಜ್ಯಗಳಲ್ಲಿ ಸಮಸ್ಯೆಗಳು ಸರದಿಯಲ್ಲಿ ನಿಂತಿರುತ್ತವೆ: ಒಂದು ಬಗೆಹರಿಯುತ್ತೆ, ಮುಂದಿನದು ಬರುತ್ತೆ. ಒಂದರ ಹೊಟ್ಟೆಯಿಂದ ಇನ್ನೊಂದು ಹುಟ್ಟೋದು ಬಹಳ ಅಪರೂಪ.

ಮಾಂಗಾಗೆ ಇದು ಆಗದ ಕೆಲಸ ಅಂತಲ್ಲ. ‘ರುರೋನಿ ಕೆನ್ಶಿನ್’ 1878ರ ಜಪಾನಿನಲ್ಲೇ ನಡೆಯುತ್ತೆ. ಹೊಸ ಸರ್ಕಾರ ತರೋಕೆ ಕೊಲೆಗಾರನಾಗಿದ್ದವನು ಆ ಲೆಕ್ಕ ತೀರಿಸ್ತಾ ಅಲೆಯುವ ಕತೆ. ‘ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್’ ಇಸೆಕಾಯ್ ಕತೆಯೇ. ಅದರಲ್ಲಿ ಬಡ ಸೈನಿಕನ ಮಗಳೊಬ್ಬಳು ಗಿಡದ ನಾರಿನಿಂದ ಕಾಗದ ಮಾಡ್ತಾಳೆ. ಕೂಡಲೇ ಚರ್ಮದ ಹಾಳೆ ಮಾಡುವವರ ಸಂಘ ಅಡ್ಡ ಬರುತ್ತೆ. ಕರಾರುಪತ್ರಗಳು ಚರ್ಮದ ಮೇಲೇ ಇರಲಿ ಅಂತ ರಾಜಿ ಆಗುತ್ತೆ. ಸಣ್ಣ ಪ್ರಸಂಗ. ಆದರೆ ಆ ಊರಲ್ಲಿ ಜನ ಇದ್ದಾರೆ ಅನ್ನೋ ನಂಬಿಕೆ ಬರೋಕೆ ಅಷ್ಟು ಸಾಕು.

ಕಾಲ್ಪನಿಕ ಕತೆಗೆ ಇಷ್ಟೆಲ್ಲಾ ಯಾಕೆ ಅಂತೀರಾ? ನಾವು ಚರಿತ್ರೆ ಹೇಳೋದೂ ಹೀಗೇ, ಅದಕ್ಕೆ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ನೋಡಿಬಂದರು. ಜಪಾನಿನ ಬೆಳವಣಿಗೆ ಅಂದ್ರೆ ಅಂದಿನಿಂದ ನಮ್ಮ ಕಡೆ ಶಾಲೆ, ಕಾರ್ಖಾನೆ, ಶಿಸ್ತು, ಇಷ್ಟೇ ಪಟ್ಟಿ. ಅವರು ಅಲ್ಲಿಗೆ ಹೋಗುವಾಗ ಚಿಚಿಬು ಅಡಗಿ ಬರೀ 14 ವರ್ಷ ಆಗಿತ್ತು. ಆ ಪಟ್ಟಿಯಲ್ಲಿ ಚಿಚಿಬು ಇರಲ್ಲ. ದೊರೆ ಒಳ್ಳೆಯವನಾಗಿದ್ದ, ನಾಡು ಮುಂದೆ ಬಂತು ಅಂತ ಮುಗಿಸಿಬಿಡೋದು ನಮಗೂ ಹಿತವೇ. ಹಾಗಾಗಿ ಮುಂದಿನ ಸಲ ಇಂಥ ಮಾಂಗಾ ಕೈಗೆ ಸಿಕ್ಕಾಗ ಹೊಸ ರಸ್ತೆಯ ಚಿತ್ರ ಬಂದರೆ ಸ್ವಲ್ಪ ನಿಂತು ನೋಡಿ. ಅದು ಯಾರ ಗದ್ದೆ ಮೇಲೆ ಹಾದುಹೋಯ್ತು, ಆ ಗದ್ದೆಯವನು ಮುಂದಿನ ಪುಟದಲ್ಲಿ ಎಲ್ಲಾದರೂ ಕಾಣಿಸ್ತಾನಾ ಅಂತ ಹುಡುಕಿ.